ಹಿಮ ಬೇಗ ಕರಗಿದರೆ ಮಣ್ಣಿಗೆ ಲಾಭವೇ ಅಲ್ವಾ? ಲೆಕ್ಕ ಎಲ್ಲಿ ತಪ್ಪುತ್ತಿದೆ?

ತುಂಗೆದಡ · ತೀರ್ಥಹಳ್ಳಿ · ಬೆಳಿಗ್ಗೆ 6:50
ಪಿಯುಸಿ ಮಕ್ಕಳಿಗೆ ಎತ್ತರದ ಪರ್ವತಗಳ ಮಣ್ಣಿನ ಬಗ್ಗೆ ಒಂದು ಗಂಟೆ ಪಾಠ ಇದೆ. ಒಂದು ಕಡೆ ಲೆಕ್ಕ ಕೂಡುತ್ತಿಲ್ಲ. ಆಲ್ಪ್ಸ್, ರಾಕಿ, ಹಿಮಾಲಯದ ಬುಗ್ಯಾಲ್ ಎಂಬ ಹುಲ್ಲುಗಾವಲುಗಳಲ್ಲಿ, ಅಂದರೆ ಮರ ಬೆಳೆಯುವ ಎಲ್ಲೆಗಿಂತ ಮೇಲೆ, ವರ್ಷದ ಬಹುಪಾಲು ನೆಲ ಹಿಮದಡಿ ಇರುತ್ತದೆ. ಈಗೀಗ ಆ ಹಿಮ ವಾರಗಟ್ಟಲೆ ಮೊದಲೇ ಕರಗುತ್ತಿದೆ. ನನ್ನ ಲೆಕ್ಕ ಹೀಗೆ: ಹಿಮ ಬೇಗ ಹೋದರೆ ಬಿಸಿಲು ಬೇಗ ಬೀಳುತ್ತದೆ, ಮಣ್ಣು ಬೇಗ ಬೆಚ್ಚಗಾಗುತ್ತದೆ, ಹುಲ್ಲು ಬೇಗ ಚಿಗುರುತ್ತದೆ, ಬೇರು ಹೆಚ್ಚು, ಸಾವಯವ ಅಂಶ ಹೆಚ್ಚು. ಓದಿದಲ್ಲೆಲ್ಲ ಇದಕ್ಕೆ ಉಲ್ಟಾ ಇದೆ. ಯಾಕೆ?

ಇನ್ನೊಂದು, ಮಲೆನಾಡಿನ ಮಕ್ಕಳಿಗೆ ಹಿಮ ಅಂದರೆ ಫ್ರಿಜ್ಜಿನ ಐಸು. ಅವರು ಕಂಡ ಯಾವುದಕ್ಕಾದರೂ ಹೋಲಿಸಿ ಹೇಳಬಹುದಾ?

ಜಂಬಿಟ್ಟಿಗೆ · ಹೊಸನಗರ · 7:05
"ಮಣ್ಣು ಬೇಗ ಬೆಚ್ಚಗಾಗುತ್ತದೆ" ಅಂದಿರಲ್ಲ, ಅಲ್ಲೇ ತಪ್ಪಿದ್ದು. ಮೊದಲು ತಣ್ಣಗಾಗುತ್ತದೆ.

ತುಂಗೆದಡ · 7:09
ಹಿಮ ತೆಗೆದರೆ ತಣ್ಣಗಾ? ಬಿಡಿಸಿ ಹೇಳಿ ಮಾರಾಯ್ರೆ.

ಜಂಬಿಟ್ಟಿಗೆ · 7:31
ಕಂಬಳಿ ಕೊಪ್ಪೆಯಿಂದ ಶುರು ಮಾಡಿ, ಮಕ್ಕಳಿಗೆ ಹತ್ತುತ್ತದೆ. ಕಂಬಳಿಗೆ ತನ್ನದೇ ಕಾವು ಇಲ್ಲ, ಮೈಕಾವು ಹೊರಗೆ ಹೋಗದಂತೆ ಹಿಡಿಯುತ್ತದೆ ಅಷ್ಟೇ. ಹಿಮದ ಕೆಲಸವೂ ಅದೇ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿ, ಅದೂ ಅಲ್ಲಾಡದ ಗಾಳಿ. ಶಾಖ ದಾಟುವುದು ಬಲು ನಿಧಾನ. 40-50 ಸೆಂ.ಮೀ. ದಪ್ಪ ಕೂತಿತೆಂದರೆ ಮೇಲೆ ಮೈನಸ್ 20 ಡಿಗ್ರಿ ಕೊರೆಯುತ್ತಿದ್ದರೂ ಕೆಳಗಿನ ಮಣ್ಣು 0 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೆಲದೊಳಗೆ ಉಳಿದ ಬೇಸಗೆಯ ಕಾವು ಮೇಲೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆ ಕಂಬಳಿಯನ್ನು ಜೂನ್ ಬದಲು ಏಪ್ರಿಲ್ ಕೊನೆಗೇ ಎಳೆದುಬಿಟ್ಟರೆ ಏನಾಗುತ್ತದೆ ನೋಡಿ. ಹಗಲು ಬಿಸಿಲಿಗೆ ಕಪ್ಪು ಮಣ್ಣು ಕಾಯುತ್ತದೆ, ರಾತ್ರಿ ಬಯಲು ಆಕಾಶದಡಿ ಹೆಪ್ಪುಗಟ್ಟುತ್ತದೆ. ಮಾರನೇ ದಿನ ಮತ್ತೆ ಅದೇ. ಹಿಮದಡಿ ತಿಂಗಳುಗಟ್ಟಲೆ ಒಂದೇ ತಾಪಮಾನದಲ್ಲಿದ್ದ ಮಣ್ಣು ಈಗ ದಿನಕ್ಕೊಂದು ಸಲ ಹೆಪ್ಪು, ದಿನಕ್ಕೊಂದು ಸಲ ಕರಗು. ಕೂದಲೆಳೆ ಬೇರು ಹರಿಯುತ್ತದೆ, ಮಣ್ಣಿನ ಹೆಂಟೆ ಒಡೆಯುತ್ತದೆ, ಸೂಕ್ಷ್ಮಜೀವಿಗಳ ಕೋಶ ಬಿರಿಯುತ್ತದೆ. ಇಳಿಜಾರಿನಲ್ಲಿ ಸೂಜಿ ಸೂಜಿಯಾಗಿ ಮಂಜುಗಡ್ಡೆ ಮಣ್ಣಿನಿಂದ ಮೇಲೆದ್ದು, ಸಣ್ಣ ಕಲ್ಲು ಮತ್ತು ಮೇಲ್ಮಣ್ಣನ್ನು ನೆತ್ತಿಯ ಮೇಲೆ ಎತ್ತಿ ಹಿಡಿಯುತ್ತದೆ. ಬಿಸಿಲು ಬಿದ್ದ ಕೂಡಲೇ ಅಷ್ಟೂ ಒಂದು ಬೆರಳಿನಷ್ಟು ಕೆಳಗೆ ಜಾರಿ ಕೂರುತ್ತದೆ. ದಿನಕ್ಕೆ ಒಂದು ಬೆರಳು, ಆದರೆ ದಿನಾ.

ಬ್ಯಾಣದಹುಲ್ಲು · ಕೊಪ್ಪ · 7:58
ಜಂಬಿಟ್ಟಿಗೆ ಹೇಳಿದ್ದು ಸರಿ, ಆದರೆ ಎರಡು ಸಂಗತಿ ಕಲಸಿಹೋಗಿವೆ. ಹಿಮ ಕಡಿಮೆ ಬೀಳುವುದು ಬೇರೆ, ಬಿದ್ದ ಹಿಮ ಬೇಗ ಕರಗುವುದು ಬೇರೆ. ನಡುಚಳಿಯಲ್ಲಿ ಹೊದಿಕೆ ತೆಳುವಾದರೆ ಮಣ್ಣು ಆಳದವರೆಗೆ ಹೆಪ್ಪುಗಟ್ಟುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಹಬ್ಬರ್ಡ್ ಬ್ರೂಕ್‌ನಲ್ಲಿ 1990ರ ದಶಕದ ಕೊನೆಗೆ ಚಳಿಗಾಲದ ಶುರುವಿನಲ್ಲೇ ಸಲಿಕೆಯಿಂದ ಹಿಮ ಎತ್ತಿ ನೋಡಿದರು. ಬೇರು ಸತ್ತವು, ಮಣ್ಣಿನ ನೀರಿನಲ್ಲಿ ನೈಟ್ರೇಟ್ ಏರಿತು. "ಬೆಚ್ಚಗಿನ ಲೋಕದಲ್ಲಿ ತಣ್ಣನೆ ಮಣ್ಣು" ಅನ್ನುವ ಮಾತು ಹೆಸರಾದದ್ದು ಅಲ್ಲಿಂದ. ಅದು ಮೇಪಲ್, ಬರ್ಚ್ ಕಾಡು, ಮರದ ಎಲ್ಲೆ ಮೀರಿದ ಆಲ್ಪೈನ್ ಹುಲ್ಲುಗಾವಲಲ್ಲ. ಅಲ್ಲಿ ತೆಗೆದದ್ದು ಶುರುವಿನ ಹಿಮ, ವಸಂತದ್ದಲ್ಲ. ಅದನ್ನೇ ತಂದು ಬೇಗ ಕರಗುವುದಕ್ಕೆ ಸಾಕ್ಷಿ ಅಂತ ಇಟ್ಟರೆ ಒಪ್ಪಲಾಗದು.

ಜಂಬಿಟ್ಟಿಗೆ · 8:02
ಒಪ್ಪಿದೆ. ಆದರೆ ಹೊರಗೆ ಎರಡೂ ಒಟ್ಟಿಗೇ ಬರುವುದು ಜಾಸ್ತಿ. ತೆಳು ಹಿಮವೇ ತಾನೇ ಬೇಗ ಕರಗೋದು.

ಬ್ಯಾಣದಹುಲ್ಲು · 8:06
ಯಾವಾಗಲೂ ಅಲ್ಲ. ದಪ್ಪ ಹಿಮದ ಮೇಲೆ ಧೂಳು ಕೂತರೂ ಬೇಗ ಕರಗುತ್ತದೆ. ಹೊಸ ಹಿಮ ಬಿಸಿಲಿನ 80-90 ಶೇಕಡಾ ವಾಪಸ್ ಎಸೆಯುತ್ತದೆ, ಕೊಳೆ ಹಿಡಿದ ಹಳೇ ಹಿಮ ಅದರ ಅರ್ಧ. ಕೊಲರಾಡೋದ ಸ್ಯಾನ್ ವಾನ್ ಬೆಟ್ಟಗಳಲ್ಲಿ ಮರುಭೂಮಿಯ ಧೂಳಿನಿಂದಲೇ ಹಿಮದ ಕಾಲ 3ರಿಂದ 5 ವಾರ ಮೊಟಕಾಗುತ್ತದೆ ಅಂತ ಅಳೆದಿದ್ದಾರೆ. ಅಂಥ ಕಡೆ ಚಳಿಗಾಲವಿಡೀ ಹೊದಿಕೆ ಸರಿಯಾಗೇ ಇದ್ದು ಕೊನೆಗೆ ಮಾತ್ರ ಕೈಕೊಡುತ್ತದೆ.

ವರದಾತೀರ · ಸಾಗರ · 8:15
ಲಾಹೌಲ್, ಝಂಸ್ಕಾರ್ ಕಡೆ ರೈತರು ಇದನ್ನೇ ಬೇಕಂತ ಮಾಡುತ್ತಾರೆ. ಶರತ್ಕಾಲದಲ್ಲೇ ಒಣಮಣ್ಣು ಕೂಡಿಟ್ಟು, ವಸಂತದಲ್ಲಿ ಹೊಲದ ಹಿಮದ ಮೇಲೆ ಎರಚುತ್ತಾರೆ. ಬೇಗ ಕರಗಿ ಬಿತ್ತನೆಗೆ ನೆಲ ಸಿಗಲಿ ಅಂತ. ಹಾಗಾದರೆ ಅವರ ಮಣ್ಣು ಹಾಳಾಗಬೇಕಿತ್ತಲ್ಲ?

ಜಂಬಿಟ್ಟಿಗೆ · 8:21
ಹೊಲ ಬೇರೆ, ಬುಗ್ಯಾಲ್ ಬೇರೆ. ಹೊಲಕ್ಕೆ ಗೊಬ್ಬರ ಬೀಳುತ್ತದೆ, ಕಾಲುವೆಯಲ್ಲಿ ನೀರು ಬರುತ್ತದೆ, ಬಿತ್ತುವ ದಿನ ಮನುಷ್ಯ ಗೊತ್ತು ಮಾಡುತ್ತಾನೆ. ಬುಗ್ಯಾಲಿಗೆ ಮೂರೂ ಇಲ್ಲ.

ಮಣ್ಣುಹುಳ · ಶಿವಮೊಗ್ಗ · 9:10
ಇಷ್ಟೊತ್ತು ತಾಪಮಾನವೇ ಆಯ್ತು. ನಿಜವಾದ ಕಥೆ ಜೀವಿಗಳದ್ದು.

ಹಿಮದಡಿ ಮಣ್ಣು ಮಲಗಿರುತ್ತದೆ ಅಂತ ಬಹಳ ಕಾಲ ನಂಬಿದ್ದರು. ಕೊಲರಾಡೋದ ನಿವಾಟ್ ರಿಜ್‌ನಲ್ಲಿ, ಸುಮಾರು 3500 ಮೀಟರ್ ಎತ್ತರದಲ್ಲಿ, ಚಳಿಗಾಲದಲ್ಲೂ ಹಿಮ ಅಗೆದು ಮಣ್ಣು ತೆಗೆದು ಅಳೆದಾಗ ಅದು ತಲೆಕೆಳಗಾಯಿತು. ಸೂಕ್ಷ್ಮಜೀವಿಗಳ ಒಟ್ಟು ರಾಶಿ ಅತಿ ಹೆಚ್ಚಿರುವುದು ಬೇಸಗೆಯಲ್ಲಲ್ಲ, ಚಳಿಗಾಲದ ಕೊನೆಗೆ, ಹಿಮದಡಿಯಲ್ಲಿ. ಸೊನ್ನೆಗಿಂತ ತುಸು ಕೆಳಗಿದ್ದರೂ ಮಣ್ಣಿನ ಕಣದ ಸುತ್ತ ತೆಳುವಾದ ನೀರಿನ ಪೊರೆ ಹೆಪ್ಪುಗಟ್ಟದೆ ಉಳಿಯುತ್ತದೆ. ಜೀವಿಗಳಿಗೆ ಅಷ್ಟು ಸಾಕು. ಶರತ್ಕಾಲದಲ್ಲಿ ಸತ್ತ ಎಲೆ, ಬೇರು ಅವಕ್ಕೆ ಊಟ. ಅಲ್ಲಿ ಶಿಲೀಂಧ್ರಗಳದ್ದೇ ಮೇಲುಗೈ. ತಿನ್ನುತ್ತಾ ಸಾರಜನಕವನ್ನೆಲ್ಲ ತಮ್ಮ ಮೈಯೊಳಗೆ ಕಟ್ಟಿಡುತ್ತವೆ. ಪಣತಕ್ಕೆ ಭತ್ತ ತುಂಬಿದ ಹಾಗೆ ಅನ್ನಿ.

ಹಿಮ ಕರಗುತ್ತಿದ್ದಂತೆ ಈ ಸಂಸಾರ ಕುಸಿಯುತ್ತದೆ. ಊಟ ಮುಗಿದಿರುತ್ತದೆ, ಕರಗಿದ ನೀರು ಒಮ್ಮೆಲೇ ನುಗ್ಗುತ್ತದೆ, ಚಳಿಗೆ ಒಗ್ಗಿದವಕ್ಕೆ ಸೆಕೆ ತಡೆಯದು. ಸತ್ತವುಗಳ ಮೈಯಿಂದ ಅಮಿನೋ ಆಮ್ಲ, ಅಮೋನಿಯಂ ಹೊರಬೀಳುತ್ತದೆ. ಸರಿಯಾಗಿ ಅದೇ ದಿನಗಳಲ್ಲಿ ಗಿಡದ ಬೇರು ಎದ್ದು ಅದನ್ನು ಹೀರಬೇಕು. ಬೇಸಗೆಯಲ್ಲಿ ಜೀವಿಗಳ ಬೇರೊಂದು ಗುಂಪು ತಯಾರಾಗಿ ಬೇರು ಬಿಟ್ಟ ರಸವನ್ನು ತಿನ್ನುತ್ತದೆ. ಶರತ್ಕಾಲದಲ್ಲಿ ಗಿಡ ಬಾಡಿದ ಮೇಲೆ ಮತ್ತೆ ಸಾರಜನಕ ಜೀವಿಗಳ ಕೈಗೆ. ಗಿಡ ಮತ್ತು ಜೀವಿ ಇಬ್ಬರೂ ಒಂದೇ ಪಣತವನ್ನು ಸರದಿಯಲ್ಲಿ ಬಳಸುವ ಏರ್ಪಾಡು ಇದು.

ಆಸ್ಟ್ರಿಯಾದ ಟೈರೋಲ್‌ನಲ್ಲಿ ಹುಲ್ಲುಗಾವಲಿನ ಹಿಮ ತೆಗೆದು ಬೇಗ ಕರಗುವಂತೆ ಮಾಡಿ ನೋಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಈ ಕುಸಿತ, ಗುಂಪು ಬದಲಾಗುವುದು, ಎಲ್ಲವೂ ಹಿಮ ಹೋದ ದಿನದ ಜೊತೆಗೇ ಮುಂಚಿತವಾದವು. ಪಣತದ ಬಾಗಿಲು ಕ್ಯಾಲೆಂಡರ್ ನೋಡಿ ತೆರೆಯುವುದಿಲ್ಲ, ಹಿಮ ನೋಡಿ ತೆರೆಯುತ್ತದೆ.

ತುಂಗೆದಡ · 9:24
ಗಿಡವೂ ಅಷ್ಟೇ ಬೇಗ ಎದ್ದರೆ ತೊಂದರೆ ಇಲ್ಲವಲ್ಲ?

ಬ್ಯಾಣದಹುಲ್ಲು · 9:40
ಕೆಲವು ಏಳುತ್ತವೆ, ಕೆಲವು ಇಲ್ಲ. ಹಗಲಿನ ಉದ್ದ ನೋಡಿ ಏಳುವ ಜಾತಿಗಳಿಗೆ ಏಪ್ರಿಲ್ ಏಪ್ರಿಲ್ಲೇ, ಹಿಮ ಇರಲಿ ಬಿಡಲಿ. ಹಿಮ ಕರಗಿದ್ದೇ ನೆಪ ಅಂತ ಎದ್ದವಕ್ಕೆ ಇನ್ನೊಂದು ಗ್ರಹಚಾರ: ಅವು ಎದ್ದ ಮೇಲೂ ಕೊರೆಯುವ ಚಳಿಯ ರಾತ್ರಿಗಳು ಬಾಕಿ ಇರುತ್ತವೆ. ಕೊಲರಾಡೋದ ಗಾಥಿಕ್‌ನಲ್ಲಿ ದಶಕಗಟ್ಟಲೆ ಹೂ ಎಣಿಸಿದವರು ಕಂಡದ್ದು ಇದೇ. ಹಿಮ ಬೇಗ ಹೋದ ವರ್ಷ ಸೂರ್ಯಕಾಂತಿ ಜಾತಿಯ ಒಂದು ಗಿಡದ ಮೊಗ್ಗು ಜೂನ್ ಚಳಿಗೆ ಕರಕಲು. ಮೊಗ್ಗು ಸುಟ್ಟ ಗಿಡದ ಬೇರು ಸಾರಜನಕ ಹೀರುವುದರಲ್ಲೂ ಹಿಂದೆ ಬೀಳಬಹುದು.

ನಡುವೆ ಸಿಕ್ಕ ಸಾರಜನಕ ಎಲ್ಲಿ ಹೋಗುತ್ತದೆ? ಅಮೋನಿಯಂ ನೈಟ್ರೇಟ್ ಆಗುತ್ತದೆ, ನೈಟ್ರೇಟ್ ನೀರಿನ ಜೊತೆ ಹಳ್ಳಕ್ಕೆ. ಸ್ವಲ್ಪ ಭಾಗ ಗಾಳಿಗೆ.

ವರದಾತೀರ · 10:02
ಮೇಷ್ಟ್ರೇ, ನಿಮಗೆ ಬೇಕಾದ ಹೋಲಿಕೆ ಸಿಕ್ಕಿತು. ಇದು ನಮ್ಮ ಭರಣಿ ಮಳೆಯ ಕಥೆಯೇ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಸುಮ್ಮನೆ ಹೇಳಿದ್ದಲ್ಲ. ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಸತ್ತ ಜೀವಿಗಳೂ ಬಿಚ್ಚಿಕೊಂಡ ಸಾವಯವ ಅಂಶವೂ ಒಟ್ಟಿಗೆ ಕೊಳೆತು ಒಂದೆರಡು ದಿನದಲ್ಲೇ ಇಂಗಾಲದ ಡೈ ಆಕ್ಸೈಡ್ ಭುಗಿಲೇಳುತ್ತದೆ, ಹಿಂದೆಯೇ ಸಾರಜನಕ ಬಿಡುಗಡೆ. ಪೂರ್ವ ಆಫ್ರಿಕಾದ ಮಣ್ಣಿನ ಮೇಲೆ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ಬರೆದರು, ಈಗಲೂ ಬರ್ಚ್ ಪರಿಣಾಮ ಅಂತಲೇ ಹೆಸರು. ಭರಣಿಗೆ ಅಡಿಕೆ ತೋಟದಲ್ಲಿ ಬೇರು ಜೀವಂತ ಇರುತ್ತದೆ, ಹೀರಿಕೊಳ್ಳುತ್ತದೆ. ಅದೇ ಬರಿ ಗದ್ದೆಯಲ್ಲಿ ಹೀರುವವರಿಲ್ಲ, ಆರಿದ್ರೆಗೆ ಎಲ್ಲಾ ತುಂಗೆ ಪಾಲು.

ಮಣ್ಣುಹುಳ · 10:20
ಇಲ್ಲ ಸಾರ್, ಇದನ್ನು ಮಕ್ಕಳಿಗೆ ಹಾಗೇ ಹೇಳಬೇಡಿ. ನಮ್ಮಲ್ಲಿ ಒಣಗಿಯೇ ಅರ್ಧ ಜೀವಿಗಳು ಸತ್ತೋ ಮುದುಡಿಯೋ ಇರುತ್ತವೆ, ನೀರು ಬಂದು ಎಬ್ಬಿಸುತ್ತದೆ. ಅಲ್ಲಿ ಚಳಿಗಾಲವಿಡೀ ಕೊಬ್ಬಿ ಬೆಳೆದಿರುತ್ತವೆ, ನೀರು ಬಂದು ಕೊಲ್ಲುತ್ತದೆ. ಒಂದು ಕಡೆ ಮಳೆ ಶುರು, ಇನ್ನೊಂದು ಕಡೆ ಊಟ ಮುಗಿತಾಯ. ದಿಕ್ಕೇ ಉಲ್ಟಾ.

ವರದಾತೀರ · 10:26
ದಿಕ್ಕು ಉಲ್ಟಾ ಇರಬಹುದು, ಬೇರು ತಯಾರಾಗುವ ಮೊದಲೇ ಊಟ ಬಡಿಸಿದರೆ ಎಲೆ ಹಾಳು ಅನ್ನೋದು ಎರಡೂ ಕಡೆ ಒಂದೇ. ನಾನು ಹೋಲಿಸಿದ್ದು ಅಷ್ಟನ್ನೇ.

ಮಣ್ಣುಹುಳ · 10:29
ಅಷ್ಟಕ್ಕೇ ಆದರೆ ಸರಿ. ಅಷ್ಟಕ್ಕೇ ಅಂತ ಮಕ್ಕಳಿಗೂ ಹೇಳಿ.

ಸೊಪ್ಪಿನಬೆಟ್ಟ · ತೀರ್ಥಹಳ್ಳಿ · 10:41
ಹಿಮಕ್ಕೆ ಹತ್ತಿರದ ಹೋಲಿಕೆ ಭರಣಿ ಮಳೆಯಲ್ಲ, ದರಗು (ಒಣ ಎಲೆ). ಅಡಿಕೆ ಬುಡಕ್ಕೆ ಒಂದು ಗೇಣು ದರಗು ಹೊದೆಸಿದ ಮಣ್ಣಿಗೂ ಬರಿ ಮಣ್ಣಿಗೂ ಮಾರ್ಚ್ ಮಧ್ಯಾಹ್ನ ಕೈ ಇಟ್ಟು ನೋಡಲಿ. ಹೊದಿಕೆ ಬಿಸಿ ಕೊಡುವುದೂ ಇಲ್ಲ ತಂಪು ಕೊಡುವುದೂ ಇಲ್ಲ, ಏರಿಳಿತ ತಗ್ಗಿಸುತ್ತದೆ. ದರಗು ಕೊಳೆತು ಗೊಬ್ಬರವಾಗುತ್ತದೆ, ಹಿಮ ಆಗುವುದಿಲ್ಲ, ಅದೊಂದು ವ್ಯತ್ಯಾಸ.

ಅಡಿಕೆಗೊನೆ · ಹೊಸನಗರ · 10:55
ಮೊದಲ ಮಳೆಗೆ ಮಣ್ಣೇ ಸಾರಜನಕ ಕೊಡುತ್ತೆ ಅಂದ್ರಲ್ಲ, ಹಾಗಾದರೆ ಯೂರಿಯಾ ಹಾಕೋದು ಯಾವಾಗ?

ಸೊಪ್ಪಿನಬೆಟ್ಟ · 11:03
ಎಳೆ ತಪ್ಪುತ್ತಿದೆ, ಆದರೂ ಚುಟುಕಾಗಿ. ಫಲ ಕೊಡುವ ಮರಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಷ್. ಅಂಗಡಿ ಲೆಕ್ಕದಲ್ಲಿ ಯೂರಿಯಾ 217 ಗ್ರಾಂ, 20 ಶೇಕಡಾದ ಶಿಲಾ ರಂಜಕ 200 ಗ್ರಾಂ, ಎಂಒಪಿ (ಪೊಟ್ಯಾಷ್ ಗೊಬ್ಬರ) 233 ಗ್ರಾಂ. ಜೊತೆಗೆ ಹಸಿಸೊಪ್ಪು 12 ಕೆಜಿ, ಕೊಟ್ಟಿಗೆ ಗೊಬ್ಬರ 12 ಕೆಜಿ. ಎರಡು ಕಂತು ಮಾಡಿ. ಒಂದು ಬೇಸಗೆಯಲ್ಲಿ ಮಣ್ಣು ಹಸಿಯಿದ್ದಾಗ, ದೊಡ್ಡದು ಮಳೆ ಇಳಿದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜೂನ್-ಜುಲೈಯಲ್ಲಿ ಹಾಕಿದ್ದು ಬಸಿಗಾಲುವೆಗೆ ಹಾಕಿದ ಹಾಗೆ.

ಕೊಡಚಾದ್ರಿನೆತ್ತಿ · ನಿಟ್ಟೂರು · 11:20
ನಮ್ಮ ಕೊಡಚಾದ್ರಿ, ಕುದುರೆಮುಖದ ಹುಲ್ಲುಗಾವಲೂ ಆಲ್ಪೈನೇ ತಾನೆ? ಮರ ಇಲ್ಲ, ಗಾಳಿ, ಚಳಿ. ಅದನ್ನೇ ತೋರಿಸಬಹುದಲ್ಲ.

ಬ್ಯಾಣದಹುಲ್ಲು · 11:32
ಅಲ್ಲ. ಕೊಡಚಾದ್ರಿ 1343 ಮೀಟರ್, ಕುದುರೆಮುಖ 1894. ನಮ್ಮ ಅಕ್ಷಾಂಶದಲ್ಲಿ ಚಳಿಯಿಂದ ಮರ ನಿಲ್ಲಬೇಕಾದರೆ ಅದರ ದುಪ್ಪಟ್ಟಾದರೂ ಎತ್ತರ ಬೇಕು. ಅಲ್ಲಿ ಹುಲ್ಲು ಇರುವುದಕ್ಕೆ ಗಾಳಿ, ತೆಳು ಮಣ್ಣು, ಬೆಂಕಿ, ಮೇವು ಇತ್ಯಾದಿ ಕಾರಣ. ಪಕ್ಕದ ಕಣಿವೆಯಲ್ಲೇ ಶೋಲಾ ಕಾಡು ದಟ್ಟವಾಗಿದೆ ನೋಡಿ. ಆಲ್ಪೈನ್ ಅಂದರೆ ಚಳಿಯಿಂದಲೇ ಮರದ ಎಲ್ಲೆ ಮುಗಿದ ಜಾಗ. ಪಶ್ಚಿಮ ಹಿಮಾಲಯದಲ್ಲಿ ಅದು 3300-3600 ಮೀಟರ್ ಸುತ್ತಮುತ್ತ.

ತುಂಗೆದಡ · 11:40
ಒಳ್ಳೇದಾಯ್ತು, ಸ್ಲೈಡಿನಲ್ಲಿ ಕೊಡಚಾದ್ರಿ ಫೋಟೋ ಹಾಕಿದ್ದೆ. ತೆಗೆದೆ.

ಎಲೆಚುಕ್ಕಿ · ಶೃಂಗೇರಿ · 11:44
ಎಲ್ಲಾ ಸರಿ, ಪೇಪರಿನವರು "ಮಂಜು ಕರಗಿತು" ಅಂತ ಬರೀತಾರಲ್ಲ, ನೀವೆಲ್ಲ ಹಿಮ ಅಂತಿದ್ದೀರಿ. ಯಾವುದು ಸರಿ?

ಕೊಡಚಾದ್ರಿನೆತ್ತಿ · 11:47
ನಮ್ಮ ಕಡೆ ಮಂಜು ಅಂದರೆ ಆಗುಂಬೆ ಘಾಟಿಯಲ್ಲಿ ಎದುರಿನ ಬಸ್ಸು ಕಾಣದ ಹಾಗೆ ಕವಿಯುತ್ತಲ್ಲ, ಅದು. ಕರಗೋದಿಲ್ಲ, ಎತ್ತುತ್ತೆ.

ಎಲೆಚುಕ್ಕಿ · 11:49
ಬೆಳಿಗ್ಗೆ ಹುಲ್ಲಿನ ಮೇಲೆ ಇರೋದು ಇಬ್ಬನಿ. ಕಾವಳ ಅಂದರೂ ಮಂಜೇ. ಆಕಾಶದಿಂದ ಬೀಳುವ ಬಿಳಿಗೆ ಮಲೆನಾಡಲ್ಲಿ ಪದವೇ ಬೇಕಾಗಿಲ್ಲ, ಆಲಿಕಲ್ಲು ಬಿಟ್ಟರೆ.

ನಿರ್ವಾಹಕ · 11:52
ಪದದ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಮಣ್ಣು.

ಹುಲಿಕಲ್ಲು · ಹೊಸನಗರ · 12:30
ನೀರಿನ ಮಾತು ಯಾರೂ ಎತ್ತಿಲ್ಲ, ನನಗೆ ಅದೇ ದೊಡ್ಡದು ಅನ್ನಿಸುತ್ತೆ. ಗಟ್ಟಿಯಾಗಿ ಕೂತ ಒಂದು ಮೀಟರ್ ಹಿಮ, ಘನ ಮೀಟರಿಗೆ 300 ಕೆಜಿ ಅಂತ ಹಿಡಿದರೆ, 300 ಮಿ.ಮೀ. ಮಳೆಗೆ ಸಮ. ಆಗುಂಬೆಯಲ್ಲಿ ಜೋರು ಮಳೆ ಹಿಡಿದರೆ ಎರಡು ಮೂರು ದಿನದ ಬಾಬತ್ತು. ಆದರೆ ಆಗುಂಬೆಯದ್ದು ಸುರಿದು ಓಡುತ್ತದೆ, ಹಿಮದ್ದು ವಾರಗಟ್ಟಲೆ ಹನಿ ಹನಿಯಾಗಿ ಮಣ್ಣಿಗೆ ಇಳಿಯುತ್ತದೆ. ಒಂಥರಾ ಬೆಟ್ಟದ ಮೇಲಿಟ್ಟ ಡ್ರಿಪ್.

ಈಗ ಪಶ್ಚಿಮ ಹಿಮಾಲಯದ ಲೆಕ್ಕ. ಅಲ್ಲಿ ಹಿಮ ತರುವುದು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಪಶ್ಚಿಮದ ಮಾರುತಗಳು, ಮುಂಗಾರು ಮುಟ್ಟುವುದು ಜೂನ್ ಕೊನೆಗೆ. ಹಿಮ ಮೇ ಕೊನೆಯವರೆಗೆ ಎಳೆದರೆ ಮಣ್ಣಿನ ಹಸಿ ಗಿಡಗಳನ್ನು ಮುಂಗಾರಿನವರೆಗೆ ಕೈ ಹಿಡಿದು ದಾಟಿಸುತ್ತದೆ. ಏಪ್ರಿಲ್ಲಿಗೇ ಮುಗಿದರೆ ನಡುವೆ ಎರಡು ತಿಂಗಳು ಒಣ ಬಿಸಿಲು. ಆಲ್ಪೈನ್ ಮಣ್ಣು ಎಷ್ಟು ದಪ್ಪ? ಬಹಳ ಕಡೆ ಒಂದು ಗೇಣು, ಅದರಡಿ ಕಲ್ಲು ಜಲ್ಲಿ. ನೀರು ಹಿಡಿಯುವ ತಾಕತ್ತೇ ಇಲ್ಲ. ಮುಂಗಾರಿನ ಮೊದಲ ಹೊಡೆತಕ್ಕೆ ಆ ಒಣ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಆಗ ವರದಾತೀರ ಅಣ್ಣನ ಬರ್ಚ್ ಪರಿಣಾಮವೂ ಅಲ್ಲೇ ಬರುತ್ತದೆ, ಹಿಮದ್ದೊಂದು, ಮಳೆಯದ್ದೊಂದು, ಎರಡು ಸಲ ಸೋರಿಕೆ.

2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ ನಿಂತದ್ದು ಎಲ್ಲರೂ ನೋಡಿದ್ದೇವೆ. ಹಿಂದೂಕುಶ್ ಹಿಮಾಲಯದಲ್ಲಿ ಹಿಮ ನೆಲದ ಮೇಲೆ ಉಳಿಯುವುದನ್ನು ಲೆಕ್ಕ ಇಡುವ ಕಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ ಐಸಿಮೋಡ್, 2025ರ ಚಳಿಗಾಲದಲ್ಲಿ ಅದು ಮಾಮೂಲಿಗಿಂತ 23.6 ಶೇಕಡಾ ಕಡಿಮೆ ಅಂತ ವರದಿ ಕೊಟ್ಟಿದೆ.

ವರದಾತೀರ · 12:41
ಎರಡು ಸಲ ಸೋರಿಕೆ! ನೋಡಿ ಮಣ್ಣುಹುಳ ಸಾರ್, ನನ್ನ ಭರಣಿ ಮಳೆ ಹಿಮಾಲಯಕ್ಕೂ ಹೋಯ್ತು.

ಮಣ್ಣುಹುಳ · 12:44
ಹೋಗಲಿ ಬಿಡಿ, ಜೂನಿಗೆ ಹೋಯ್ತು, ಏಪ್ರಿಲ್ಲಿಗಲ್ಲ.

ತುಂಗೆದಡ · 2:10
ಹಾಗಿದ್ದರೆ ನನ್ನ ಮೊದಲ ಪ್ರಶ್ನೆ, ಬೇಸಗೆ ಉದ್ದವಾದರೆ ಮಣ್ಣಿಗೆ ಸೇರುವ ಇಂಗಾಲ ಹೆಚ್ಚಲ್ಲವೇ, ಅದಕ್ಕೂ ಉತ್ತರ ಇದೇನಾ?

ಹುಲಿಕಲ್ಲು · 2:18
ಹೌದು. ನಿವಾಟ್ ರಿಜ್‌ನಲ್ಲೇ, ತುಸು ಕೆಳಗಿನ ಕೋನಿಫರ್ (ಪೈನ್‌ನಂಥ ಸೂಜಿ ಎಲೆ ಮರಗಳ) ಕಾಡಿನಲ್ಲಿ ಅಳೆದಾಗ ಬೆಳವಣಿಗೆಯ ಕಾಲ ಉದ್ದವಾದ ವರ್ಷ ಕಾಡು ಹಿಡಿದಿಟ್ಟ ಇಂಗಾಲ ಹೆಚ್ಚಲ್ಲ, ಕಡಿಮೆ. ಉದ್ದದ ಬೇಸಗೆ ಬಂದದ್ದೇ ತೆಳು ಹಿಮದಿಂದ, ತೆಳು ಹಿಮ ಅಂದರೆ ನಡುಬೇಸಗೆಯಲ್ಲಿ ನೀರಿಲ್ಲ. ದಿನ ಸಿಕ್ಕಿತು, ನೀರು ಸಿಗಲಿಲ್ಲ.

ಬ್ಯಾಣದಹುಲ್ಲು · 2:33
ಇನ್ನೂ ನಿಧಾನದ ಒಂದು ಬದಲಾವಣೆ ಇದೆ, ಗಿಡಗಳದ್ದು. ಹಿಮ ಕಡಿಮೆಯಾದ ಕಡೆ ಹುಲ್ಲಿನ ಜಾಗಕ್ಕೆ ರೋಡೊಡೆಂಡ್ರಾನ್ ಕುಟುಂಬದ ಕುರುಚಲು ಪೊದೆ ಹತ್ತುತ್ತದೆ. ಅದರ ಬೇರಿನಲ್ಲಿರುವ ಶಿಲೀಂಧ್ರ ಸಾವಯವ ರೂಪದ ಸಾರಜನಕವನ್ನೇ ಬಿಡಿಸಿಕೊಂಡು ತಿನ್ನಬಲ್ಲದು. ಎಲೆ ದಪ್ಪ, ಟ್ಯಾನಿನ್ ಜಾಸ್ತಿ, ಬೇಗ ಕೊಳೆಯದು. ಅಂದರೆ ಮಣ್ಣಿಗೆ ಬೀಳುವ ಊಟವೇ ಬೇರೆಯಾಯಿತು. ಇದು ಒಂದೆರಡು ವರ್ಷದ ಪ್ರಯೋಗದಲ್ಲಿ ಕಾಣದು.

ತುಂಗೆದಡ · 3:05
ಪಾಠಕ್ಕೆ ಇಷ್ಟು ಸಾಕು. ಕ್ಲಾಸಿನಲ್ಲಿ ಮಾಡಿ ತೋರಿಸುವಂಥದ್ದು ಏನಾದರೂ ಇದೆಯಾ? ಮನೆ ಫ್ರಿಜ್ಜಿನಲ್ಲಿ ಆಗುವಂಥದ್ದು.

ಜಂಬಿಟ್ಟಿಗೆ · 3:40
ಎರಡು ಮಾಡಬಹುದು.

ಮೊದಲನೆಯದು ಕಂಬಳಿ ತೋರಿಸಲು. ತೋಟದ ಮಣ್ಣು ಜರಡಿ ಹಿಡಿದು, 240 ಗ್ರಾಂ ಒಣಮಣ್ಣಿಗೆ 60 ಗ್ರಾಂ ನೀರು ಕಲಸಿ. ಇಂಥ ಎರಡು ಸ್ಟೀಲ್ ಲೋಟ. ಎರಡಕ್ಕೂ ನಡುವಿನವರೆಗೆ ಥರ್ಮಾಮೀಟರ್ ಕಡ್ಡಿ, ವೈರ್ ಇರುವ ಡಿಜಿಟಲ್ ಆದರೆ ಬಾಗಿಲು ತೆಗೆಯದೆ ಓದಬಹುದು. ಒಂದನ್ನು ಬರಿದೇ ಫ್ರೀಜರಿನಲ್ಲಿಡಿ, ಇನ್ನೊಂದನ್ನು 5 ಸೆಂ.ಮೀ. ದಪ್ಪದ ಥರ್ಮಾಕೋಲ್ ಡಬ್ಬಿಯೊಳಗೆ. ಅರ್ಧ ಗಂಟೆಗೊಮ್ಮೆ ಬರೆದು ಗ್ರಾಫ್ ಹಾಕಿಸಿ. ಬರಿ ಲೋಟದ ಗೆರೆ ಬೇಗ ಸೊನ್ನೆ ಮುಟ್ಟಿ, ಸ್ವಲ್ಪ ನಿಂತು, ಕೆಳಗೆ ಬೀಳುತ್ತದೆ. ಡಬ್ಬಿಯದ್ದು ಸೊನ್ನೆಯಲ್ಲಿ ಬಹಳ ಹೊತ್ತು ಮಟ್ಟಸವಾಗಿ ನಿಲ್ಲುತ್ತದೆ.

ಯಾಕೆ ನಿಲ್ಲುತ್ತದೆ ಅನ್ನುವುದನ್ನು ಲೆಕ್ಕದಲ್ಲೇ ತೋರಿಸಿ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 334 ಜೂಲ್ ಬಿಡುತ್ತದೆ. 60 ಗ್ರಾಂಗೆ ಸುಮಾರು 20,000. ಅದೇ ಲೋಟದ ಹಸಿ ಮಣ್ಣನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದ್ದು ಸುಮಾರು 440 ಜೂಲ್. ಅಂದರೆ ಹೆಪ್ಪುಗಟ್ಟುವ ನೀರು ಬಿಟ್ಟ ಶಾಖ, ಮಣ್ಣನ್ನು 45 ಡಿಗ್ರಿ ತಣಿಸಿದ ಲೆಕ್ಕ! ಹಸಿ ಮಣ್ಣು ಸೊನ್ನೆಯಲ್ಲಿ ಹಟ ಹಿಡಿದು ಕೂರುವುದು ಅದಕ್ಕೇ. ಒಣಮಣ್ಣಿನ ಮೂರನೇ ಲೋಟ ಇಟ್ಟರೆ ಅದು ನಿಲ್ಲದೆ ಜಾರುತ್ತದೆ, ಇದೂ ಒಂದು ಪಾಠ.

ಎರಡನೆಯದು ಹೆಪ್ಪು-ಕರಗಿನಿಂದ ಸಾರಜನಕ ಹೊರಬರುವುದು. ಅದೇ ಹಸಿ ಮಣ್ಣು ಎರಡು ಪಾಲು. ಒಂದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಐದು ದಿನ. ಇನ್ನೊಂದು ರಾತ್ರಿ ಫ್ರೀಜರ್, ಹಗಲು ಹೊರಗೆ, ಐದು ಸಲ. ಆಮೇಲೆ 10 ಗ್ರಾಂ ಮಣ್ಣಿಗೆ 50 ಮಿ.ಲೀ. ಬಟ್ಟಿ ಇಳಿಸಿದ ನೀರು, ಅರ್ಧ ಗಂಟೆ ಕುಲುಕಿ, ಸೋಸಿ, ಬಣ್ಣದಲ್ಲಿ ನೈಟ್ರೇಟ್ ತೋರಿಸುವ ಪಟ್ಟಿ ಅದ್ದಿ ನೋಡಿ.

ಮಣ್ಣುಹುಳ · 4:15
ಮೊದಲನೆಯದು ಚೆನ್ನಾಗಿದೆ. ಎರಡನೆಯದು ಹೀಗೇ ಮಾಡಿದರೆ ಮೇಷ್ಟ್ರು ಮಕ್ಕಳ ಮುಂದೆ ಪೆಚ್ಚಾಗುತ್ತಾರೆ.

ಕೋಶ ಒಡೆದಾಗ ಬರುವುದು ಅಮಿನೋ ಆಮ್ಲ, ಅಮೋನಿಯಂ. ನೈಟ್ರೇಟ್ ಆಗಬೇಕಾದರೆ ಬೇರೆ ಬ್ಯಾಕ್ಟೀರಿಯಾ ಕೆಲಸ ಮಾಡಬೇಕು, ಅವಕ್ಕೆ ದಿನ ಹಿಡಿಯುತ್ತದೆ. ಕರಗಿದ ಕೂಡಲೇ ನೈಟ್ರೇಟ್ ಪಟ್ಟಿ ಅದ್ದಿದರೆ ಎರಡೂ ಒಂದೇ ಬಣ್ಣ. ಒಂದೋ ಎರಡೂ ಪಾಲನ್ನು ಹಸಿ ಆರದಂತೆ ಮುಚ್ಚಿ ಕೋಣೆಯಲ್ಲಿ 7-10 ದಿನ ಇಟ್ಟು ಆಮೇಲೆ ನೋಡಿ, ಇಲ್ಲವೇ ಅಮೋನಿಯಂ ಅಳೆಯಿರಿ. ಅಮೋನಿಯಂ ಜೇಡಿಗೆ ಅಂಟಿಕೊಂಡಿರುತ್ತದೆ, ನೀರಿಗೆ ಬರದು. ಲೀಟರಿಗೆ 149 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿದ ದ್ರಾವಣದಲ್ಲಿ ಕುಲುಕಬೇಕು. ಲ್ಯಾಬಿನ ಶುದ್ಧ ಲವಣ ಬೇಕು, ಗೊಬ್ಬರದಂಗಡಿಯ ಕೆಂಪು ಎಂಒಪಿ ಅಲ್ಲ.

ನಮ್ಮ ಕಡೆಯ ಜಂಬಿಟ್ಟಿಗೆ ಕೆಂಪು ಮಣ್ಣು ಹುಳಿ, ಪಿಎಚ್ ಐದರ ಆಚೀಚೆ. ಅದರಲ್ಲಿ ನೈಟ್ರೇಟ್ ಆಗುವುದೂ ನಿಧಾನ. ಸುಣ್ಣ, ಗೊಬ್ಬರ ಕಂಡ ತೋಟದ ಮಣ್ಣು ತನ್ನಿ. ಬಿಸಿಲಲ್ಲಿ ಒಣಗಿಸಿದ್ದು ಬೇಡ, ಒಣಗಿಸಿ ನೀರು ಹಾಕಿದರೆ ಹೆಪ್ಪಿನ ಪರಿಣಾಮಕ್ಕಿಂತ ಮೊದಲು ಬರ್ಚ್ ಪರಿಣಾಮವೇ ಕಾಣಿಸುತ್ತದೆ. ಅಗೆದ ದಿನವೇ ಹಸಿಯಾಗೇ ಬಳಸಿ.

ಸೋಸುವ ಕಾಗದದ ಬಗ್ಗೆ ಹುಷಾರು. ಹೊಸ ಫಿಲ್ಟರ್ ಪೇಪರಿನಲ್ಲೇ ಅಮೋನಿಯಂ ಇರುತ್ತದೆ. ಮೊದಲು ಅದೇ ದ್ರಾವಣದಿಂದ ಒಮ್ಮೆ ತೊಳೆದು ಚೆಲ್ಲಿ, ಮಣ್ಣಿಲ್ಲದ ಬರಿ ದ್ರಾವಣವನ್ನೂ ಒಂದು ಸೋಸಿ ಅಳೆದು ಕಳೆಯಿರಿ. ನೈಟ್ರೇಟ್‌ಗೆ ನೀರು ಬಳಸಿದರೆ ಕೆಂಪು ಜೇಡಿ ತಳಕ್ಕೆ ಕೂರದೆ ಟೀ ಬಣ್ಣ ಬರುತ್ತದೆ, ಪಟ್ಟಿ ಓದಲಾಗದು. ಲೀಟರಿಗೆ 1.47 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿ, ತಿಳಿಯಾಗುತ್ತದೆ.

ಪಟ್ಟಿ ಯಾವ ಲೆಕ್ಕ ತೋರಿಸುತ್ತದೆ ನೋಡಿ. ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ ಅಂದರೆ, 1ಕ್ಕೆ 5 ಕಲಸಿದ್ದರಿಂದ ಕೆಜಿ ಮಣ್ಣಿಗೆ 100. ನೈಟ್ರೇಟ್‌ನ ತೂಕ ಅದರೊಳಗಿನ ಸಾರಜನಕದ 4.43 ಪಟ್ಟು, ಅದರಿಂದ ಭಾಗಿಸಿದರೆ ಸಾರಜನಕ 22.6 ಮಿ.ಗ್ರಾಂ. ಈ 4.43 ಮರೆತು ನಾಲ್ಕು ಪಟ್ಟು ಹೆಚ್ಚು ಬರೆದ ವರದಿಗಳಿಗೆ ಬರ ಇಲ್ಲ.

ಬ್ಯಾಣದಹುಲ್ಲು · 4:32
ಜೊತೆಗೆ, ಮನೆ ಫ್ರೀಜರ್ ಮೈನಸ್ 18. ಬುಗ್ಯಾಲಿನಲ್ಲಿ ವಸಂತದ ರಾತ್ರಿ ಮಣ್ಣು ಅಷ್ಟು ಇಳಿಯುವುದಿಲ್ಲ. ತೆಳು ಥರ್ಮಾಕೋಲ್ ಸುತ್ತಿ ಇಟ್ಟು, ಮೈನಸ್ 4-5 ಮುಟ್ಟಿದಾಗ ಹೊರಗೆ ತೆಗೆಯಿರಿ. ಇಲ್ಲಾಂದ್ರೆ ಐಸ್‌ಕ್ರೀಮ್ ಮಾಡಿದ ಹಾಗೆ, ಪರ್ವತ ಅಲ್ಲ.

ಜಂಬಿಟ್ಟಿಗೆ · 4:36
ನೈಟ್ರೇಟ್ ವಿಷಯ ಒಪ್ಪಿದೆ, ತಪ್ಪು ನನ್ನದೇ.

ಅಡಿಕೆಗೊನೆ · 4:50
ಅಲ್ಲಿ ಬೆಟ್ಟದ ಮೇಲೆ ಹಿಮ ಯಾವತ್ತು ಕರಗಿತು ಅಂತ ಇವರಿಗೆ ಹೆಂಗೆ ಗೊತ್ತಾಗುತ್ತೆ? ಆರು ತಿಂಗಳು ಯಾರಾದ್ರೂ ಕಾಯ್ತಾ ಕೂರ್ತಾರಾ?

ಹುಲಿಕಲ್ಲು · 5:08
ಕೂರಲ್ಲ, ಹೂಳಿ ಬರುತ್ತಾರೆ. ಐಬಟನ್ ಅಂತ ತಾಪಮಾನ ತಾನೇ ಬರೆದಿಡುವ ಒಂದು ಲಾಗರ್, ಅಂಗಿ ಗುಂಡಿಗಿಂತ ಸ್ವಲ್ಪ ದಪ್ಪ. 5 ಸೆಂ.ಮೀ. ಆಳಕ್ಕೆ ಇಡುತ್ತಾರೆ. ಮಾಮೂಲಿ ಮಾದರಿಯಲ್ಲಿ 2048 ಓದು ಹಿಡಿಯುತ್ತದೆ, 4 ಗಂಟೆಗೊಂದು ಅಂದರೆ 341 ದಿನ. ಗ್ರಾಫ್ ತೆಗೆದಾಗ ಹಗಲು-ರಾತ್ರಿ ಏರಿಳಿತ ನಿಂತು ಗೆರೆ ಸಪಾಟಾದ ದಿನ ಹಿಮ ಕೂತಿತು, ಮತ್ತೆ ಅಲೆ ಶುರುವಾದ ದಿನ ಹಿಮ ಹೋಯಿತು. ಜಂಬಿಟ್ಟಿಗೆಯ ಲೋಟದ ಗೆರೆಯೇ ಇದು, ದೊಡ್ಡದಾಗಿ.

ಕೈಕೊಡುವುದೂ ಉಂಟು. ನೀರು ಒಳಗಿಳಿದು ಸಾಯುತ್ತದೆ, ಅದಕ್ಕೆ ಮೇಣವೋ ರಬ್ಬರಿನ ಲೇಪವೋ ಬೇಕು. ಇಲಿ ಜಾತಿಯವು ಅಗಿಯುತ್ತವೆ. ಮಣ್ಣು ಹೆಪ್ಪುಗಟ್ಟಿ ಉಬ್ಬುವಾಗ ಲಾಗರನ್ನೇ ಮೇಲಕ್ಕೆ ನೂಕುತ್ತದೆ, 5 ಸೆಂ.ಮೀ.ನಲ್ಲಿ ಇಟ್ಟದ್ದು ಮುಂದಿನ ವರ್ಷ ಕಲ್ಲಿನ ಮೇಲೆ ಬಿಸಿಲು ಕಾಯುತ್ತಿರುತ್ತದೆ. ಆ ಅಂಕಿ ಹಿಡಿದು "ಮಣ್ಣು 30 ಡಿಗ್ರಿ" ಅಂತ ಬರೆದರೆ ಮುಗೀತು. ತೆಗೆಯುವಾಗ ಆಳ ಮತ್ತೆ ಅಳೆಯುವುದು ಕಡ್ಡಾಯ.

ವರದಾತೀರ · 5:20
ಹಿಮ ಬೇಗ ಕರಗಿಸುವ ಪ್ರಯೋಗಕ್ಕೆ ಸಲಿಕೆ ಯಾಕೆ, ಒಲೆ ಬೂದಿ ಎರಚಿದರೆ ಸಾಕಲ್ಲ?

ಬ್ಯಾಣದಹುಲ್ಲು · 5:29
ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದಂಶ ಇದೆ. ಹಿಮ ಕರಗಿದ ಮೇಲೆ ಅದು ಮಣ್ಣಿಗೇ ಇಳಿಯುತ್ತದೆ, ಪಿಎಚ್ ಏರಿಸುತ್ತದೆ. ಆಮೇಲೆ ಬದಲಾದದ್ದು ಹಿಮದಿಂದಲೋ ಬೂದಿಯಿಂದಲೋ ಹೇಳುವವರಾರು? ಸಲಿಕೆಯದ್ದೂ ದೋಷವೇ, ಹಿಮದ ಜೊತೆ ನೀರನ್ನೂ ಹೊರಗೆ ಹಾಕಿದಂತಾಗುತ್ತದೆ, ಬುಡದವರೆಗೆ ಕೆರೆದರೆ ಗಿಡದ ಮೊಳಕೆಯೂ ಹೋಗುತ್ತದೆ. ಕೊನೆಯ 5-10 ಸೆಂ.ಮೀ. ಬಿಡಬೇಕು. ಕಪ್ಪು ಶೇಡ್ ನೆಟ್ ಹಿಮದ ಮೇಲೆ ಹಾಸುವುದು ಎಲ್ಲಕ್ಕಿಂತ ಶುದ್ಧ: ಬಿಸಿಲು ಹೀರುತ್ತದೆ, ನೀರು ಅಲ್ಲೇ ಇಳಿಯುತ್ತದೆ, ಏನನ್ನೂ ಸೇರಿಸುವುದಿಲ್ಲ. ನೆಲ ಕಾಣುವ ಮೊದಲು ಎತ್ತಬೇಕು, ಮರೆತರೆ ಗಿಡಕ್ಕೆ ನೆರಳಾಗುತ್ತದೆ.

ಸೊಪ್ಪಿನಬೆಟ್ಟ · 5:35
ನಮ್ಮ ನರ್ಸರಿಯ 50 ಶೇಕಡಾ ನೆಟ್ಟೇ ಆಗುತ್ತೇನೋ.

ಬ್ಯಾಣದಹುಲ್ಲು · 5:37
ಅಂಥದ್ದೇ. ಹಸಿರು ಬೇಡ, ಕಪ್ಪು.

ತುಂಗೆದಡ · 6:45
ಎಲ್ಲರಿಗೂ ಉಪಕಾರ ಆಯ್ತು. ಲೋಟದ ಪ್ರಯೋಗ ನಾಳೆಯೇ ಶುರು. ಅಮೋನಿಯಂ ಪ್ರಯೋಗಕ್ಕೆ ಅಕ್ವೇರಿಯಂ ಅಂಗಡಿಯ ಕಿಟ್ ಸಿಕ್ಕಿದೆ. 5 ಸೆಂ.ಮೀ. ದಪ್ಪದ ಥರ್ಮಾಕೋಲ್ ಡಬ್ಬಿ ಎಲ್ಲೂ ಸಿಗುತ್ತಿಲ್ಲ, ಎಲ್ಲಾ ತೆಳು.

ಕೊಡಚಾದ್ರಿನೆತ್ತಿ · 6:51
ಮೀನು ಮಾರುಕಟ್ಟೆಗೆ ಹೋಗಿ ಕೇಳಿ. ಮಂಗಳೂರಿಂದ ಐಸು ಹಾಕಿ ಬರುವ ಡಬ್ಬಿ, ತೆಳುವಾಗಿದ್ದರೆ ಒಂದರೊಳಗೊಂದು ಇಡಿ. ಖಾಲಿಯಾದದ್ದು ಸುಮ್ಮನೆ ಕೊಡ್ತಾರೆ.

ಮಣ್ಣುಹುಳ · 6:54
ಕಂಬಳಿ ಪ್ರಯೋಗಕ್ಕೆ ಮಾತ್ರ. ಅಮೋನಿಯಂ ಪ್ರಯೋಗದ ಮಣ್ಣನ್ನು ಅದರ ಹತ್ತಿರವೂ ಇಡಬೇಡಿ, ಮೀನಿನ ಅಮೋನಿಯ ಅಳೆದು ಹಿಮಾಲಯದ ಲೆಕ್ಕ ಹೇಳಿಬಿಟ್ಟೀರಿ.